ಕಪ್ಪು ಗೆರೆ

ಯಾಸ್ನಾ ಮೊದಲ ಸಲ ಕಡಲಿಗೆ ಕಿವಿಗೊಟ್ಟದ್ದು
ಅಪ್ಪನ ಹಳೆಯ ಗಾಳಿಕೊಳವೆಯ ತುಂಡಿನಲ್ಲಿ.
ಹಳದಿ ರಬ್ಬರು, ಎರಡು ಮೊಳ,
ಒಂದು ತುದಿ ನೀರಿಗೆ, ಒಂದು ತುದಿ ಕಿವಿಗೆ.
ಏನು ಕೇಳಿಸಿತೇ ಅಂದೆ.
ಉಪ್ಪು, ಅಂದಳು.
ಅವಳಿಗೆ ಏಳು, ನನಗೆ ಹನ್ನೊಂದು.
ಕೆಯೋನ್ ದಕ್ಕೆಯ ಮೇಲೆ ಮಳೆ
ಅಡ್ಡಡ್ಡ ಬೀಳುತ್ತಿತ್ತು.

ಅಂಥದೇ ಕೊಳವೆಗೆ ಉಸಿರು ನೇತುಹಾಕಿ
ಅಪ್ಪ ಇಪ್ಪತ್ತೆರಡು ವರ್ಷ
ಕಡಲ ತಳದಲ್ಲಿ ಚಿಪ್ಪು ಆಯ್ದ.
ಎಡಗಿವಿ ಒಂದೇ ಮಧ್ಯಾಹ್ನ ಹೋಯಿತು,
ಬಲಗಿವಿ ಸಾಲದ ಹಾಗೆ, ಕಂತು ಕಂತಾಗಿ.
ಮನೆಯಲ್ಲಿ ನಾವೆಲ್ಲ ಕೂಗಿಯೇ ಮಾತು ಕಲಿತೆವು.
ಇವಳೊಬ್ಬಳು ಮೆಲ್ಲಗೆ.

ವಾಲ್ದಿವಿಯಾಕ್ಕೆ ಓದಲು ಹೋದಳು.
ಭೌತಶಾಸ್ತ್ರದಲ್ಲಿ ಒಮ್ಮೆ ನಪಾಸು,
ಒಮ್ಮೆ ಹಲ್ಲುನೋವು,
ಒಮ್ಮೆ ಫೋನಿನಲ್ಲಿ ಬರೀ ಮೂಗಿನ ಸದ್ದು.
ಅವಳ ಕೋಣೆಯ ಬಾಡಿಗೆ ನಾನು ಕಟ್ಟಿದೆ,
ಸಾಲ್ಮನ್ ಕಂಪನಿಯ ದೋಣಿ ಓಡಿಸಿ,
ಬೆಳಿಗ್ಗೆ ಬೆಳಿಗ್ಗೆ
ಪಂಜರದ ಮೀನಿಗೆ ಮೇವು ಹೊತ್ತು.

ಐದನೆಯ ಬೇಸಿಗೆ, ಜನವರಿ,
ಉಣ್ಣೆಯ ಅಂಗಿಯಲ್ಲಿ ಕೂಸಿನ ಹಾಗೆ ಸುತ್ತಿಕೊಂಡು
ಒಂದು ಹೈಡ್ರೋಫೋನ್ ತಂದಳು.
ನನ್ನ ಹೆಬ್ಬೆರಳಿಗಿಂತ ತುಸು ದಪ್ಪ,
ನನ್ನ ಇಂಜಿನ್ನಿಗಿಂತ ಹೆಚ್ಚು ಬೆಲೆ.
ಕೊರ್ಕೊವಾದೊ ಕೊಲ್ಲಿಯಲ್ಲಿ ಇಳಿಬಿಟ್ಟು
ಹತ್ತು ದಿನ ಕಾದಳು.
ಮೀನಿನ ಹೆಜ್ಜೆ ಕಂಡವರಿಲ್ಲ ಅಂತಾರೆ.
ಇವಳು ಕಾಗದದ ಮೇಲೆ ತೆಗೆದು ತೋರಿಸಿದಳು:
ನೋಡು, ಇದು ನೀಲಿ ತಿಮಿಂಗಿಲ.
ಬೂದು ಹಾಳೆಯಲ್ಲಿ ಬಾಗಿದ ಹುಬ್ಬುಗಳು, ಸಾಲಾಗಿ.
ಕೇಳಿಸು ಅಂದೆ. ಕೇಳಿಸಲಿಲ್ಲ.
ಅದು ನಮ್ಮ ಕಿವಿಯ ಹೊಸ್ತಿಲ ಕೆಳಗೇ ಹಾದುಹೋಗುತ್ತೆ,
ಹತ್ತು ಪಟ್ಟು ಓಡಿಸಿದರೆ ಮಾತ್ರ ಒಳಗೆ ಬರುತ್ತೆ ಅಂದಳು.

ಹಾಳೆಯ ನಡುವೆ
ಏಳೂ ನಲವತ್ತರಿಂದ ಶುರುವಾಗಿ
ಹುಬ್ಬುಗಳನ್ನೆಲ್ಲ ನುಂಗಿಕೊಂಡು
ಒಂದು ದಪ್ಪ ಕಪ್ಪು ಗೆರೆ.
ಇದೇನು?
ನೀನು, ಅಂದಳು.

ಮೂರು ದಿನ ನಾನು ಅವಳ ಜೊತೆ ಮಾತು ಬಿಟ್ಟೆ.
ನಾಲ್ಕನೆಯ ದಿನ ಬಾಯಿಬಿಟ್ಟೆ:
ಆ ಗೆರೆಯೇ ನಿನ್ನ ಓದಿಸಿದ್ದು.
ಗೊತ್ತು, ಅಂದಳು ಆಲೂಗಡ್ಡೆ ಸುಲಿಯುತ್ತ,
ಅದಕ್ಕೇ ಅಳಿಸಿಲ್ಲ.

ಕಿವುಡನ ಮುಂದೆ ಕಿನ್ನರಿ ಅಂತ ನಾನು ನಕ್ಕೆ,
ಅವಳು ಶಾಲೆಯಿಂದ ದೊಡ್ಡ ಸ್ಪೀಕರು ಕಡ ತಂದು
ಅಪ್ಪನ ಎದುರಿಗೆ ಮೇಜಿನ ಮೇಲಿಟ್ಟಾಗ.
ಈ ಸಲ ಓಡಿಸಲಿಲ್ಲ, ಇದ್ದ ಹಾಗೇ ಬಿಟ್ಟಳು.
ಕೋಣೆ ಗಪ್ಪಾಗಿತ್ತು.
ರೊಟ್ಟಿಯ ಪುಡಿ ಮಾತ್ರ ತಟ್ಟೆಯಲ್ಲಿ ಸರಿಯಿತು,
ಚಹಾದ ಮೇಲೆ ಸಣ್ಣ ಬಳೆಗಳು ಎದ್ದವು.
ಅಪ್ಪ ಅಂಗೈ ಊರಿದ. ತೆಗೆಯಲಿಲ್ಲ.
ಆಮೇಲೆ, ತನ್ನ ದನಿ ತನಗೇ ಕೇಳದವನ ಜೋರಿನಲ್ಲಿ:
ಕೆಳಗೆ ಇದು ನನಗೆ ಪಕ್ಕೆಲುಬಿನಲ್ಲಿ ಬರುತ್ತಿತ್ತು.
ಹೆದರಿಕೆ ಅಂದುಕೊಂಡಿದ್ದೆ.
ಇಪ್ಪತ್ತೆರಡು ವರ್ಷ, ಯಾರಿಗೂ ಹೇಳಲಿಲ್ಲ.

ಬಂದರು ಕಚೇರಿಯ ಸಭೆಯಲ್ಲಿ ಯಾಸ್ನಾ ತೊದಲಿದಳು.
ಮೂರು ತಿಂಗಳು, ಈ ಕಾಲುವೆಯಲ್ಲಿ, ನಿಧಾನ. ಅಷ್ಟೇ.
ಎಷ್ಟು ತಿಮಿಂಗಿಲ ಇವೆ ಅಂತ ಒಬ್ಬ ಕೇಳಿದ.
ನನಗೆ ಕೇಳಿಸಿದ್ದು ಒಂಬತ್ತು.
ಒಂಬತ್ತು, ಅಂತ ಬರೆದುಕೊಂಡ, ಪೆನ್ನು ಮುಚ್ಚಿದ.
ತೀರ್ಮಾನ ಮುಂದಿನ ಸಭೆಗೆ ಹೋಯಿತು,
ಅಲ್ಲಿಂದ ಅದರ ಮುಂದಿನದಕ್ಕೆ.

ನಾನು ಯಾರನ್ನೂ ಕೇಳಲಿಲ್ಲ.
ದ್ವೀಪದ ಮೂಗು ದಾಟಿದ ಮೇಲೆ ಇಂಜಿನ್ ಇಳಿಸುತ್ತೇನೆ.
ಮೇವು ಮುಕ್ಕಾಲು ಗಂಟೆ ತಡ.
ಮೇಸ್ತ್ರಿ ಬಯ್ಯುತ್ತಾನೆ, ಒಂದು ದಿನದ ಕೂಲಿ ಹಿಡಿದ.
ಪಂಜರದ ಮೀನು ಏನೂ ಅನ್ನುವುದಿಲ್ಲ.

ನಿನ್ನೆ ಹೊಸ ಹಾಳೆ ತೋರಿಸಿದಳು.
ಏಳೂ ನಲವತ್ತಕ್ಕೆ ಗೆರೆ ಇದೆ, ಸವೆದು,
ತೊಳೆದ ಮಸಿಯ ಹಾಗೆ.
ಅದರ ಹಿಂದೆ ಏನೋ ಬಾಗಿದ ಹಾಗಿತ್ತು,
ಹುಬ್ಬಲ್ಲ, ಬೇರೆ ಏನೋ.
ಯಾರೇ ಇದು ಅಂದೆ.
ಗೊತ್ತಿಲ್ಲ, ಅಂದಳು,
ಕೇಳಬೇಕು.